ಫ್ಲಾಸ್ಕಿನ ಮುಚ್ಚಳ

ಕಚೇರಿಯಲ್ಲಿ ಎಲ್ಲರೂ ಅವನನ್ನು ಟೈಪಣ್ಣ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ ಅವನ ಕೋಣೆ. ಅಲ್ಲಿಂದ ಎರಡು ಬಾಗಿಲು ದಾಟಿದರೆ ವಿಚಾರಣೆಯ ಕೋಣೆ. ಅಲ್ಲಿ ಸಾಹೇಬರು ಕೇಳಿದ್ದು, ಹಿಡಿದು ತಂದವರು ಹೇಳಿದ್ದು ಎಲ್ಲವೂ ರೆಕಾರ್ಡಾಗಿ ಇವನ ಕಿವಿಗೆ ಬರುತ್ತಿತ್ತು. ಮಾತನ್ನಷ್ಟೇ ಟೈಪ್ ಮಾಡಬೇಕು. ಕೂಗು, ಅಳು, ಕುರ್ಚಿ ಬಿದ್ದ ಸದ್ದು ಬಿಡಬೇಕು. ಮಾತು ತಿಳಿಯದ ಕಡೆ ‘ಅಸ್ಪಷ್ಟ’ ಎಂದು ಹಾಕಬೇಕು. ‘ಅಸ್ಪಷ್ಟ’ ಕಂಡರೆ ಸಾಹೇಬರು ಆ ಮನುಷ್ಯನನ್ನು ಮತ್ತೆ ಕುರ್ಚಿಗೆ ಕಟ್ಟಿಸಿ ಮೊದಲಿನಿಂದ ಕೇಳುತ್ತಾರೆ.

ಇದು ಗೊತ್ತಿದ್ದೂ, ಐದು ಗಂಟೆಯ ಬಸ್ಸಿಗೆ ಹೊತ್ತಾದಾಗ ಟೈಪಣ್ಣ ಸರಿಯಾಗಿ ಕಿವಿಗೊಡದೆ ‘ಅಸ್ಪಷ್ಟ’ ಒತ್ತಿ ಎದ್ದುಬಿಡುತ್ತಿದ್ದ. ಪಕ್ಕದ ಮೇಜಿಗೆ ಬಂದ ಹೊಸ ಟೈಪಿಸ್ಟ್ ಹುಡುಗಿಗೂ ಅದೇ ಪಾಠ. “ತಲೆ ಕೆಡಿಸ್ಕೋಬೇಡಮ್ಮ. ಕೇಳಿಸ್ಲಿಲ್ವಾ, ಅಸ್ಪಷ್ಟ ಅಂತ ಹಾಕು, ಮನೆಗೆ ನಡಿ.”

ಕೆಟ್ಟವನೇನಲ್ಲ. ಇರುವೆಯನ್ನೂ ತುಳಿಯದ ಮನುಷ್ಯ. ಆದರೆ ತುಳಿಯುವವರ ಪಕ್ಕ ಕೂತು ಸಂಬಳ ತಿನ್ನುವುದಕ್ಕೆ ಅವನಿಗೆ ಅಡ್ಡಿಯೇನಿರಲಿಲ್ಲ. ಊಟಕ್ಕೆ ಬಂದಾಗಲೆಲ್ಲ ಅವನ ಭಾವಮೈದುನ, ಸ್ಕೂಲ್ ಮೇಷ್ಟ್ರು, ಈ ಮಾತು ತೆಗೆಯುತ್ತಿದ್ದ.

“ಹೊಡೆತ ತಿಂದೋನು ನಿಜ ಹೇಳಲ್ಲ ಭಾವ, ಹೊಡೆತ ನಿಲ್ಲೋ ಮಾತು ಹೇಳ್ತಾನೆ.”

“ಎಲ್ಲೋ ಬಾಂಬಿಟ್ಟು ಬಂದು ಬಾಯಿಗೆ ಬೀಗ ಹಾಕ್ಕೊಂಡು ಕೂತೋನಿಗೆ ಏನಪ್ಪಾ ಮಾಡ್ಬೇಕು? ಹಾರ ಹಾಕಿ ಕಳಿಸ್ಬೇಕಾ? ನೂರು ಜನ ಉಳೀತಾರೆ ಅಂದ್ರೆ ನಾಲ್ಕೇಟು ಹೆಚ್ಚಾ?” ಎಂದು ಟೈಪಣ್ಣ ಅನ್ನ ಕಲಸುತ್ತ ಕೇಳುತ್ತಿದ್ದ. ಮೇಷ್ಟ್ರು ಮಾತು ಬದಲಿಸಿದರೆ ತಾನು ಗೆದ್ದೆನೆಂದು ಇನ್ನೊಂದು ತುತ್ತು ಹೆಚ್ಚೇ ಉಣ್ಣುತ್ತಿದ್ದ.

ಕಚೇರಿಯಲ್ಲಿ ಅವನ ಎರಡು ಫ್ಲಾಸ್ಕು ಕಳೆದುಹೋಗಿದ್ದವು. ಮೂರನೆಯದರ ಮುಚ್ಚಳದ ಮೇಲೆ ಅವನ ಹೆಂಡತಿ ಉಗುರಿನ ಬಣ್ಣದಲ್ಲಿ ಮನೆ ವಿಳಾಸ ಬರೆದಿದ್ದಳು: ೧೭, ಗಿರಣಿ ಹಿಂದಿನ ಬೀದಿ. “ಈ ಸಲ ಕಳೆದ್ರೆ ನಿಮ್ಮ ಆಫೀಸಿನೋರೇ ಮನೆ ಹುಡುಕ್ಕೊಂಡು ಬರ್ಲಿ” ಎಂದು ನಕ್ಕಿದ್ದಳು.

ಸೋಮವಾರ ಮಧ್ಯಾಹ್ನ ಕಾವಲಿನವನು ಚಹಾಕ್ಕೆ ಹೋಗಿದ್ದ. ನೆಲಮಾಳಿಗೆಯ ಓಣಿಯಲ್ಲಿ ಹೋಗುತ್ತಿದ್ದ ಟೈಪಣ್ಣನಿಗೆ ಸೆಲ್ಲಿನ ಕಿಂಡಿಯಲ್ಲಿ ಒಂದು ಮುಖ ಕಾಣಿಸಿತು. ನಲ್ಲಿ ರಿಪೇರಿ ಮಾಡುವವನಂತೆ; ಸ್ಫೋಟಕದ ಪೆಟ್ಟಿಗೆ ಬಚ್ಚಿಟ್ಟ ಜಾಗ ಇವನಿಗೆ ಗೊತ್ತಿದೆ ಎಂದು ಹಿಡಿದು ತಂದಿದ್ದರು. “ಅಣ್ಣಾ, ಒಂದು ಗುಟುಕು ನೀರು” ಎಂದ. ಒಳಗಿನವರಿಗೆ ಏನನ್ನೂ ಕೊಡಬಾರದು, ಮಾತಾಡಿಸಬಾರದು ಎಂಬುದು ಕಟ್ಟಪ್ಪಣೆ. ಟೈಪಣ್ಣ ಅತ್ತಿತ್ತ ನೋಡಿ ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಬಗ್ಗಿಸಿ ಕೊಟ್ಟ. ಕುಡಿದಾದ ಮೇಲೂ ಆ ಮನುಷ್ಯ ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಇನ್ನೂ ಬೇಕೇನೋ ಎಂದು ಟೈಪಣ್ಣ ಮತ್ತೊಮ್ಮೆ ತುಂಬಿಸಿದ.

ಮಂಗಳವಾರ ಮಧ್ಯಾಹ್ನ ಆ ರೆಕಾರ್ಡಿಂಗ್ ಬಂತು. ಪೆಟ್ಟಿಗೆ ಎಲ್ಲಿದೆ? ಗೊತ್ತಿಲ್ಲ. ಎಲ್ಲಿದೆ? ಗೊತ್ತಿಲ್ಲ ಸಾರ್. ನಡುನಡುವೆ ಟೈಪ್ ಮಾಡಬೇಕಿಲ್ಲದ ಸದ್ದುಗಳು. ಕೊನೆಗೆ, “ಹೇಳ್ತೀನಿ, ಹೇಳ್ತೀನಿ! ಹದಿನೇಳು... ಗಿರಣಿ ಹಿಂದಿನ ಬೀದಿ.” ಮನೇಲಿ ಎಲ್ಲಿ? “ಮೇಲೆ... ಮಹಡಿ ಮೇಲೆ.”

ಬೆರಳುಗಳು ಅಭ್ಯಾಸಬಲದಿಂದ ಅದನ್ನೂ ಹೊಡೆದುಬಿಟ್ಟವು. ಪರದೆಯ ಮೇಲೆ ತನ್ನ ಮನೆಯ ವಿಳಾಸ ಕಂಡಾಗ ಟೈಪಣ್ಣ ಹೆಡ್‌ಫೋನ್ ಕಿತ್ತಿಟ್ಟ.

ಮಹಡಿಯ ಮೇಲೆ ಮಗಳಿದ್ದಳು. ನರ್ಸಿಂಗ್ ಪರೀಕ್ಷೆಗೆ ಒಬ್ಬಳೇ ಕೂತು ಓದುತ್ತಿದ್ದಳು, ಸುತ್ತ ಔಷಧಿಯ ಬಾಟಲಿ, ಸಿರಿಂಜು. ನಾಲ್ಕು ಗಂಟೆಗೆ ಈ ಪುಟ ಮೇಲೆ ಸಾಹೇಬರ ಕೋಣೆಗೆ ಹೋದರೆ ಜೀಪು ಹೊರಡುತ್ತದೆ. ನೌಕರರ ಫೋನುಗಳೆಲ್ಲ ಕಚೇರಿಯ ಬಾಗಿಲಲ್ಲೇ ಜಮಾ. ಪುಟ ಒಪ್ಪಿಸದೆ ಕಟ್ಟಡ ಬಿಡುವಂತಿಲ್ಲ.

ಹದಿನೇಳನ್ನು ಎಪ್ಪತ್ತು ಮಾಡಲೇ? ಎಪ್ಪತ್ತರಲ್ಲಿ ಕಣ್ಣು ಕಾಣದ ಮುದುಕಿ ಇದ್ದಳು. ಇಪ್ಪತ್ತರಲ್ಲಿ ದರ್ಜಿಯ ಸಂಸಾರ. ಬೀದಿಯುದ್ದಕ್ಕೂ ಮನಸ್ಸಿನಲ್ಲೇ ನಡೆದ. ಪ್ರತಿ ನಂಬರಿನಲ್ಲೂ ಯಾರಾದರೊಬ್ಬರಿದ್ದರು. ಇಲ್ಲದ ನಂಬರು ಹಾಕಿದರೂ ಅಷ್ಟೇ, ‘ಅಸ್ಪಷ್ಟ’ ಹಾಕಿದರೂ ಅಷ್ಟೇ: ಆ ನಲ್ಲಿಯವನು ಮತ್ತೆ ಕುರ್ಚಿಗೆ. ಅತ್ತ ದರಿ, ಇತ್ತ ಪುಲಿ. ಮೊದಲ ಬಾರಿಗೆ ಟೈಪಣ್ಣನಿಗೆ ತನ್ನ ಹಳೆಯ ‘ಅಸ್ಪಷ್ಟ’ಗಳೆಲ್ಲ ನೆನಪಾಗಿ ಹೇಸಿಗೆಯಾಯಿತು.

ಮುಚ್ಚಳ ಹಿಡಿದುಕೊಂಡು ಮೇಲೆ ಹೋಗಿ ಸಾಹೇಬರ ಮುಂದೆ ನಿಂತ. ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ತಂದಿತು.

“ಅಂದ್ರೆ ನೀವು ಅವನ ಹತ್ರ ಹೋಗಿದ್ರಿ.”

“ಬರೀ ನೀರು ಕೊಟ್ಟೆ ಸಾರ್. ಅವನು ಇದನ್ನ ಓದ್ಕೊಂಡಿದ್ದಾನೆ. ಪೆಟ್ಟು ತಡೀಲಾರ್ದೆ ಬಾಯಿಗೆ ಬಂದಿದ್ದು ಹೇಳಿದ್ದಾನೆ.”

“ಇರ್ಬಹುದು. ಮಹಡಿ ಮೇಲೆ ಯಾರಿದ್ದಾರೆ?”

“ಮಗಳು ಸಾರ್, ಒಬ್ಳೇ...”

ಸಾಹೇಬರು ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇಲ್ಲಿ ನಂಬರಿದೆ, ಬೀದಿ ಇದೆ. ಮಹಡಿ ಬರೆದಿಲ್ವಲ್ಲ. ಮನೆಗೆ ಮಹಡಿ ಇದೆ ಅಂತ ಅವನಿಗೆ ಯಾರು ಹೇಳಿದ್ರು?”

ಊಹೆ ಸಾರ್, ಎಷ್ಟೋ ಮನೆಗೆ ಮಹಡಿ ಇರುತ್ತೆ ಸಾರ್ ಎಂದ ಟೈಪಣ್ಣ. ಅದು ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

“ನೀವು ಟೈಪ್ ಮಾಡಿದೋರಲ್ಲಿ ಮೊದಲ ಸಲಕ್ಕೇ ನಿಜ ಹೇಳಿದೋನು ಒಬ್ಬನಾದ್ರೂ ಇದ್ದಾನೇನ್ರಿ?” ಎಂದು ಕೇಳಿ ಸಾಹೇಬರು ಗಂಟೆ ಒತ್ತಿದರು. ಕೆಳಗೆ ಜೀಪು ಶುರುವಾದ ಸದ್ದು ಕೇಳಿಸಿತು. ಅದು ಎತ್ತ ಹೊರಟಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನೆಲಮಾಳಿಗೆಗೆ ಇಳಿಸಿ, ಅವನ ಕೋಣೆಯಿಂದ ಎರಡು ಬಾಗಿಲು ದಾಟಿಸಿ ಅವನನ್ನು ಕೂರಿಸಿದರು. ಕುರ್ಚಿಯ ಕೈಯಿನ್ನೂ ಒದ್ದೆಯಾಗಿತ್ತು. ಎದುರಿಗೆ ಮೈಕು, ಅದರ ಕೆಂಪು ದೀಪ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಇನ್ನು ಸ್ವಲ್ಪ ಹೊತ್ತಿಗೆ ಆ ಹೊಸ ಹುಡುಗಿ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ. ಅವಳಿಗೂ ಐದರ ಬಸ್ಸು.

ಪೆಟ್ಟಿಗೆ ಎಲ್ಲಿದೆ ಎಂದು ಯಾರೋ ಕೇಳಿದರು. ಟೈಪಣ್ಣ ಮೈಕಿನ ಹತ್ತಿರಕ್ಕೆ ಬಾಗಿ, ಒಂದನೇ ತರಗತಿಯ ಮಗು ಪಾಠ ಓದುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ: “ನಾನು... ಬರೀ... ನೀರು... ಕೊಟ್ಟೆ.”