ನಾಲ್ಕು ಸಿಲಿಂಡರು, ಐದರ ನಡೆ

ಇಂಜಿನ್ನಿನ ರೋಗ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹಾನಗಲ್ಲಿನ ನನ್ನ ಗ್ಯಾರೇಜಿಗೆ ಲಾರಿ ಬರಲಿ, ಜೀಪು ಬರಲಿ, ಮೊದಲು ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚುತ್ತೇನೆ. ನಮ್ಮವ್ವ ಶಿವಬಸವ್ವ ಬೀಸುಕಲ್ಲಿನ ಮುಂದೆ ಪದ ಹೇಳುವಾಗ ಅವಳ ತೊಡೆಯ ಮೇಲೆ ಮಲಗಿ ಕೇಳಿದವನು ನಾನು. ಮಠದಲ್ಲಿ ಪುರಾಣ ಓದುವಾಗ ಕಂಬಕ್ಕೊರಗಿ ಬೆರಳಿನ ಮೇಲೆ ಪದ್ಯದ ಮಾತ್ರೆ ಎಣಿಸಿದವನು. ಓದುವವರು ಒಂದು ಮಾತ್ರೆ ನುಂಗಿದರೂ ಮೈ ಜುಮ್ಮೆನ್ನುತ್ತಿತ್ತು.

೧೯೮೬ರ ಕಾರ್ತಿಕದಲ್ಲಿ ಶಿಗ್ಗಾಂವಿಯ ಪದ್ಮಾಬಾಯಿ ಒಂದು ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಎರಡೇ ಬಾಗಿಲಿನ ಜರ್ಮನಿ ಕಾರು, ಹನ್ನೆರಡು ವರ್ಷದ್ದು, ಸ್ಟೀರಿಂಗ್ ಎಡಕ್ಕೆ. ಅವರ ಗಂಡ ವಿಠ್ಠಲರಾಯರು ಹಡಗಿನ ಇಂಜಿನಿಯರು, ಹಡಗಿನಲ್ಲೇ ತರಿಸಿದ್ದರು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಆಗಿನಿಂದ ಕಾರು ಹಿತ್ತಲಲ್ಲೇ ನಿಂತಿತ್ತು.

“ಇದಕ್ಕ ಟರ್ಬೊ ಅದ ರೀ ಮಹಾಲಿಂಗಪ್ಪನವರ. ಗೋವಾ ಬಂದರದಾಗ ನೀವು ಅದರ ಕೆಲಸಾ ಮಾಡೀರಂತ ಕೇಳಿ ಬಂದೆ.”

ಮಾಡಿದ್ದೆ. ಟರ್ಬೊ ಅಂದರೆ ಮುಷ್ಟಿಯಷ್ಟು ಫ್ಯಾನು. ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗಿ, ಹೊರಗಿನ ಗಾಳಿಯನ್ನು ಇಂಜಿನ್ನಿನ ಹೊಟ್ಟೆಗೆ ಒತ್ತುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು. ಅದಕ್ಕೆ ಇರುವುದು ಒಂದೇ ನೇಮ. ಓಡಿ ಬಂದು ನಿಂತ ಕೂಡಲೇ ಕೀಲಿ ತಿರುವಬಾರದು. ಎರಡು ನಿಮಿಷ ಇಂಜಿನ್ ಸುಮ್ಮನೆ ನಡೆದು ಕಾವು ಇಳಿಯಬೇಕು. ಇಲ್ಲವಾದರೆ ಆಯಿಲ್ ನಿಂತಲ್ಲೇ ಕರಕಾಗಿ ಬೇರಿಂಗನ್ನು ತಿನ್ನುತ್ತದೆ.

“ಆ ಎರಡು ನಿಮಿಷ ನಮ್ಮವರು ಮನೀ ಸ್ತುತಿ ಹೇಳ್ತಿದ್ರು,” ಅಂದರು ಪದ್ಮಾಬಾಯಿ. “ಅವರ ಮುತ್ತಜ್ಜ ಕಟ್ಟಿದ್ದು, ಹನ್ನೆರಡು ನುಡಿ. ಅದು ಮುಗಿದ ಮ್ಯಾಲೇ ಕೀಲಿ. ಆ ದಿವಸ ದುಂಡಸಿ ಹತ್ರದ ಏರಿನ ಮ್ಯಾಲೆ ಎದಿ ಹಿಡಕೊಂಡು ಗಾಡಿ ನಿಲ್ಲಿಸಿದ್ರು. ಆಗೂ ಸ್ತುತಿ ಸುರು ಮಾಡಿದ್ರು ನೋಡ್ರಿ. ಒಂಬತ್ತನೇ ನುಡಿಗೆ ದನಿ ಸಣ್ಣಾತು. ಇಂಜಿನ್ನಿನ ಸಪ್ಪಳದಾಗ ಕೇಳಿಸ್ಲಿಲ್ಲ. ದನಿ ಕೇಳ್ಲಿ ಅಂತ ನಾನೇ ಕೈ ಚಾಚಿ ಕೀಲಿ ತಿರುವಿದೆ.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಎರಡೂ ಕೂಡೇ ನಿಂತವು.”

ನಾನು ಕೈಯೊರೆಸಿಕೊಂಡು ಬಾನೆಟ್ ಎತ್ತಿದೆ.

“ನಮ್ಮತ್ತಿ ಭಾಗೀರಥಿಬಾಯಿ ನನ್ನ ದೇವರ ಕೋಣಿಗೆ ಬಿಡೂದಿಲ್ಲ. ಸ್ತುತಿ ನಡುವ ಮುರದಾಕಿ, ಮಗನ ಉಸಿರು ಮುರದಾಕಿ ಅಂತಾರ. ಬಿಚ್ಚಿ ನೋಡ್ರಿ. ನನ್ನ ಕೈಯಿಂದ ಏನು ಕೆಟ್ಟದ ಹೇಳ್ರಿ. ಮತ್ತ ಅದನ್ನ ನಡಸ್ರಿ.”

ಬಿಚ್ಚಿದೆ. ದಿನಾ ಲಿಂಗಪೂಜೆ ಮುಗಿಸಿಯೇ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿದ್ದೆ. ಪಿಸ್ಟನ್ನಿನ ರಿಂಗುಗಳು ತುಕ್ಕಿಗೆ ಅಂಟಿದ್ದವು. ಬ್ಲಾಕನ್ನು ಹುಬ್ಬಳ್ಳಿಗೆ ಒಯ್ದು ಸಿಲಿಂಡರುಗಳ ಒಳಮೈ ಕೊರೆಸಿದೆ. ಕೊನೆಗೆ ಟರ್ಬೊ ಬಿಚ್ಚಿದೆ. ಫ್ಯಾನು ತಿರುಗುವ ಶಾಫ್ಟಿನ ಮೇಲೆ ಕರಕು ಕಟ್ಟಿತ್ತು, ಹಳೆಯ ರೊಟ್ಟಿ ಹಂಚಿನ ತಳದಲ್ಲಿ ಕಟ್ಟಿದ ಹಾಗೆ, ಪದರದ ಮೇಲೆ ಪದರ.

ಪದ್ಮಾಬಾಯಿ ಬಂದಾಗ ತೋರಿಸಿದೆ. “ಬಾಯಾರ, ಇದು ಒಂದು ದಿನದ ಕರಕಲ್ಲರೀ. ವರ್ಷಗಟ್ಟಲೆ ಕೂತದ್ದು. ರಾಯರು ಒಬ್ಬರ ಹೋಗೂಮುಂದ ಇಳಿಜಾರಿನಾಗ ಇಂಜಿನ್ ಆರಿಸಿ ಗಾಡಿ ಬಿಟ್ಟಾರ್ರೀ. ಪೆಟ್ರೋಲ್ ಉಳಸಾಕ, ನಮ್ಮ ಕಡೆ ಡ್ರೈವರಗಳ ಹಂಗ.”

ಅವರು ಮೊದಲ ಸಲ ನಕ್ಕರು. “ಅಯ್ಯ! ಹಂಗಾರ ನೇಮ ಎಲ್ಲಾ ನನ್ನ ಮುಂದಷ್ಟ!”

ನಗು ಬೇಗ ಆರಿತು. “ಬೇರಿಂಗಿಂದು ಬಗೀಹರೀತು ಬಿಡ್ರಿ. ಸ್ತುತೀದು ಬಗೀಹರೀಲಿಲ್ಲ. ಅದನ್ನ ಮುರದಾಕಿ ನಾನೇ ಅಲ್ಲೇನು?”

ಹೊಸ ಬೇರಿಂಗು ಈ ಕಡೆ ಎಲ್ಲಿ ಸಿಗಬೇಕು? ಸವಣೂರಿನ ಮಹಮ್ಮದಗೌಸನ ಲೇತಿಗೆ ಶಾಫ್ಟು ಒಯ್ದು ಕೊಟ್ಟೆ. ಅಳತೆ ನೋಡಿ ಕಂಚಿನಲ್ಲಿ ಮಾಡಿಕೊಡುತ್ತೇನೆಂದ. ನಾಲ್ಕನೇ ದಿನ ಹೋದಾಗ ಗೌಸ ಅಂಗಡಿಯ ಹೊರಗೆ ಕೂತಿದ್ದ.

“ಮಾಲಿಂಗಣ್ಣ, ನಿನ್ನ ಶಾಫ್ಟ್ ಲಗೂನ ಒಯ್ಯಪಾ.”

“ಯಾಕೋ?”

“ಲೇತ್ ಬಂದ್ ಮಾಡಿ ಛಾ ಕುಡ್ಯಾಕ ಕುಂತ್ರ, ಟೇಬಲ್ ಮ್ಯಾಲ ಅದು ತನ್ನಷ್ಟಕ್ಕ ತಾನ ಗುನುಗಾಕತ್ತೈತಿ. ನಿಮ್ಮ ಭಜನಿ ಮ್ಯಾಳಕ್ಕ ಸೇರಸ್ಕೋ. ಹಾರ್ಮೋನಿಯಂ ತರೂ ತ್ರಾಸ ತಪ್ಪತೈತಿ.”

ಇಬ್ಬರೂ ನಕ್ಕೆವು. ಅವನು ನಗುತ್ತಲೇ ಶಾಫ್ಟನ್ನು ಹೊಸ ಬೇರಿಂಗಿನ ಜೊತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. ಆಮೇಲೆ ಎರಡು ಸಲ ಕೈ ತೊಳೆದ.

ಇಂಜಿನ್ ಕಟ್ಟಿ ಮುಗಿಸಿದ್ದು ಮಾರ್ಗಶಿರದಲ್ಲಿ. ಕೀಲಿಯ ಮೂರನೇ ತಿರುವಿಗೆ ಚಾಲೂ ಆಯಿತು. ಸಲಾಕೆಯನ್ನು ಬ್ಲಾಕಿಗೆ ಹಚ್ಚಿದೆ. ನಾಲ್ಕು ಸಿಲಿಂಡರು, ನಾಲ್ಕರ ನಡೆ, ತಪ್ಪಿಲ್ಲ. ಟರ್ಬೊಗೆ ಹಚ್ಚಿದೆ. ಅಲ್ಲಿ ನಡೆಯೇ ಇರಬಾರದು, ಒಂದೇ ಎಳೆಯ ಗುಂಯ್ ಸಪ್ಪಳ ಇರಬೇಕು. ಆದರೆ ನಡೆ ಇತ್ತು. ಬೆರಳು ತಾನಾಗಿ ಮಾತ್ರೆ ಎಣಿಸಿತು: ಐದು, ಐದು, ಐದು, ಐದು. ಪ್ಲಗ್ ಬದಲಿಸಿದೆ, ಟೈಮಿಂಗ್ ನೋಡಿದೆ, ಟರ್ಬೊ ಇನ್ನೊಮ್ಮೆ ಬಿಚ್ಚಿ ಕೂಡಿಸಿದೆ. ಐದೇ. ಕೊರಳಿನ ಲಿಂಗವನ್ನು ಮುಟ್ಟಿಕೊಂಡೆ.

ಮರುದಿನ ಮಧ್ಯಾಹ್ನ ಪದ್ಮಾಬಾಯಿ ಬಂದು, “ಆ ದಿವಸ ನಿಂತ ಜಾಗಾಕ್ಕ ಕರಕೊಂಡು ನಡೀರಿ,” ಅಂದರು. ನಾನೇ ನಡೆಸಿದೆ. ದುಂಡಸಿಯ ಏರು ಹತ್ತಿದ ಮೇಲೆ ಒಂದು ಬೇವಿನ ಗಿಡ ತೋರಿಸಿದರು. ನಿಲ್ಲಿಸಿದೆ. ಕೀಲಿ ಮುಟ್ಟದೆ, ಇಂಜಿನ್ ನಡೆಯುತ್ತಿರುವಾಗಲೇ ಇಳಿದು ಬಾನೆಟ್ ಎತ್ತಿದೆ. ಅವರು ಬಲಗಡೆಯ ತಮ್ಮ ಸೀಟಿನಲ್ಲೇ ಕೂತರು. ಪಕ್ಕದ ಸ್ಟೀರಿಂಗ್ ಸೀಟು ಖಾಲಿ.

ಸಲಾಕೆ ಹಚ್ಚಿದೆ. ಐದರ ನಡೆ. ಕೇಳುತ್ತ ಕೇಳುತ್ತ ಆ ನಡೆಯ ಮೇಲೆ ಅಕ್ಷರಗಳು ಬಂದು ಕೂತವು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಗಟ್ಟಿಯಾಗಿ ಅಂದೆ:

ಏರಿನಲಿ ನೀನಿರಲು ಇಳಿವಿನಲಿ ನೀನಿರಲು
ದಾರಿ ಮುಗಿಯುವ ಚಿಂತೆ ಎನಗೇಕೆ ಹರಿಯೆ

“ಯಾರು ಹೇಳಿದ್ರು ನಿಮಗ ಅದನ್ನ?” ಪದ್ಮಾಬಾಯಿ ಕಿಟಕಿಯಿಂದ ತಲೆ ಹೊರಹಾಕಿದರು.

“ಯಾರೂ ಇಲ್ರೀ ಬಾಯಾರ. ಇದರಾಗ ಕೇಳಾಕತ್ತೈತಿ.”

“ಹತ್ತನೇ ನುಡಿ ಅದು. ನಮ್ಮ ಮನೀ ಹೊಸ್ತಿಲಾ ದಾಟಿದ್ದಲ್ಲ.”

ಹನ್ನೊಂದನೆಯದೂ ಬಂತು. ಅದನ್ನೂ ಅಂದೆ. ಆಮೇಲೆ ಅಕ್ಷರಗಳು ನಿಂತವು. ಬರೀ ನಡೆ ಉಳಿಯಿತು, ಐದು, ಐದು, ಹಿಮ್ಮೇಳದವರು ಎತ್ತಿಕೊಳ್ಳಲಿ ಎಂದು ಮುಂದಿನವರು ತಾಳ ಬಿಡದೆ ನಿಂತ ಹಾಗೆ.

“ಹನ್ನೆರಡನೇದು?”

“ಬರವಲ್ದರೀ. ನಿಮ್ಮ ಹಾದಿ ಕಾಯಾಕತ್ತೈತಿ.”

ಅವರು ಪಕ್ಕದ ಸೀಟಿನ ಕಡೆ ತಿರುಗಿದರು. ಅದರ ಚರ್ಮದಲ್ಲಿ, ನಾನು ಕೂತು ಎದ್ದದ್ದಕ್ಕಿಂತ ದೊಡ್ಡ ಮೈಯ ತಗ್ಗು ಇತ್ತು.

“ಟಾಕಿಯೊಳಗ ಪೆಟ್ರೋಲ್ ಎಷ್ಟದ?”

“ಹದಿನೈದು ಲೀಟರ್ ಇರಬೇಕ್ರಿ.”

“ಹಿಂಗ ನಿಂತಲ್ಲೇ ನಡದ್ರ ನಾಳೆ ಬೆಳಗಾಗೂತನಕ ಸಾಲ್ತದಲ್ಲ?”

ಸಾಲುತ್ತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸಾಲತೈತ್ರಿ.”

“ನಾ ಹನ್ನೆರಡನೇದು ಅಂದ್ರ ಮುಗೀತದ. ಮುಗದ ಮ್ಯಾಲೆ ಇವರು ಇರೂದಿಲ್ಲ.”

ಶಿಗ್ಗಾಂವಿಯ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಕೂರುವತನಕ ಅವರು ಅಲುಗಲಿಲ್ಲ. ಆಮೇಲೆ ಕಣ್ಣು ಮುಚ್ಚಿದರು. ಮೂರು ವರ್ಷ ಬಾಯಲ್ಲಿ ಬಾರದ ಸ್ತುತಿ, ಮೊದಲ ಅಕ್ಷರಕ್ಕೆ ದನಿ ಒಡೆಯಿತು. ಎರಡನೆಯದಕ್ಕೆ ನಡೆಗೆ ಕೂಡಿತು:

ನಿಲ್ಲಿಸಲು ನಾನಾರು ನಡೆಸಲೂ ನಾನಾರು
ಎಲ್ಲ ನಿನ್ನದೆ ಉಸಿರು ಸಲಹೆನ್ನ ಹರಿಯೆ

ಹರಿಯೆ ಅಂದಲ್ಲಿಗೆ ಇಂಜಿನ್ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಸಲಾಕೆಯಲ್ಲಿ ಫ್ಯಾನು ಮಾತ್ರ ಇನ್ನೂ ತಿರುಗುತ್ತ, ಸಣ್ಣಗಾಗುತ್ತ ಹೋಯಿತು. ಅದು ಎಲ್ಲಿ ನಿಂತಿತು, ಬೇವಿನ ಎಲೆಯ ಸಪ್ಪಳ ಎಲ್ಲಿ ಸುರುವಾಯಿತು, ಈ ಕಿವಿಗೆ ತಿಳಿಯಲಿಲ್ಲ.

ಓಡಿಹೋಗಿ ಕಿಟಕಿಯಲ್ಲಿ ಬಗ್ಗಿ ನೋಡಿದೆ. ಕೀಲಿ ನಾನು ಬಿಟ್ಟ ಹಾಗೇ ಇತ್ತು, ತಿರುವಿರಲಿಲ್ಲ. ಡ್ಯಾಶಿನ ಕೆಂಪು ದೀಪ ಉರಿಯುತ್ತಿತ್ತು. ಪದ್ಮಾಬಾಯಿ ಎರಡೂ ಅಂಗೈಗಳನ್ನು ಮೇಲೆತ್ತಿ ನನ್ನ ಕಡೆ ತಿರುಗಿಸಿ ಹಿಡಿದಿದ್ದರು.

“ನೋಡ್ರಿ, ನಾ ಮುಟ್ಟಿಲ್ಲ. ನಮ್ಮತ್ತಿ ಮುಂದ ನೀವೇ ಸಾಕ್ಷಿ.”