ಸಕ್ಕರೆ ಬಾಟಲಿ

"ಬಣ್ಣ ಮಾತ್ರ ಥೇಟ್ ಅದೇ ಇರ್ಲಿ ಭಾವ," ವಕೀಲ ಶೆಡ್ಡಿನ ಬಾಗಿಲಲ್ಲೇ ನಿಂತು ಮತ್ತೊಮ್ಮೆ ಹೇಳಿದ. "ಅದೇ ಕಂದು. ಪಕ್ಕಪಕ್ಕ ಇಟ್ರೆ ಯಾವ್ದು ಗಾಜು, ಯಾವ್ದು ಸಕ್ಕರೆ ಅಂತ ಬ್ರಹ್ಮನಿಗೂ ಗೊತ್ತಾಗ್ಬಾರ್ದು."

ಮಾಸ್ಟರು ಒಲೆಯ ಮುಂದೆ ಬಗ್ಗಿದರು. ಕುದಿಯುತ್ತಿದ್ದ ಪಾಕದಿಂದ ಒಂದು ಹನಿ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಟ್ಟರು, ಎತ್ತಿ ಬೆರಳಲ್ಲಿ ಮುರಿದರು. ಚಟ್ ಎಂದಿತು. ಒಲೆ ಆರಿಸಿ ಪಾಕವನ್ನು ರಬ್ಬರಿನ ಅಚ್ಚಿಗೆ ಸುರಿದು, ಅದು ಒಳಮೈಗೆಲ್ಲ ತೆಳ್ಳಗೆ ಹಿಡಿಯುವಂತೆ ಅಚ್ಚನ್ನು ನಿಧಾನವಾಗಿ ತಿರುಗಿಸತೊಡಗಿದರು. ನೋಡಿದವರಿಗೆ ಗೊತ್ತಾಗಬಾರದು ಎಂದು ಹೇಳಿಕೊಡುವುದಕ್ಕೆ ಬಂದಿದ್ದಾನೆ ಬಾಮೈದ. ಜೀವಮಾನವಿಡೀ ಅವರು ಮಾಡಿಕೊಂಡು ಬಂದದ್ದು ಇನ್ನೇನು?

ಸಿನಿಮಾದವರ ತಲೆಯ ಮೇಲೆ ಒಡೆಯುವ ಬಾಟಲಿಗಳೆಲ್ಲ ಹೆಚ್ಚುಕಡಿಮೆ ಈ ಹಿತ್ತಲಿನ ಶೆಡ್ಡಿನಲ್ಲೇ ಹುಟ್ಟಿದವು. ಸ್ಟುಡಿಯೋದಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಸಕ್ಕರೆ ಮಾಸ್ಟರ್ ಎಂದರೆ ಸಾಕಿತ್ತು. ಮಗ ಚಿಕ್ಕವನಿದ್ದಾಗ ಊಟಕ್ಕೆ ಹಟ ಮಾಡಿದರೆ, ಮಾಸ್ಟರು ತಮ್ಮ ತಲೆಗೆ ತಾವೇ ಒಂದು ಬಾಟಲಿ ಒಡೆದುಕೊಂಡು, ಕಣ್ಣು ಮೇಲೆ ಮಾಡಿ, ಧೊಪ್ಪನೆ ಬೀಳುತ್ತಿದ್ದರು. ಆಮೇಲೆ ಎದ್ದು ಕೂತು ಹಲ್ಲು ಕಿರಿಯುತ್ತಿದ್ದರು. ಮಗ ನಕ್ಕು ನಕ್ಕು ಸುಸ್ತಾಗಿ, ನೆಲದ ಮೇಲಿನ ಚೂರು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಅಪ್ಪನ ತಲೆಗೂದಲು ಇರತ್ತೆ, ಉಗಿಯೋ," ಎಂದು ತಾಯಿ ಅವನ ಹಿಂದೆ ಓಡುತ್ತಿದ್ದಳು.

ಆ ಮಗ ಈಗ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ ಓದುತ್ತಿದ್ದಾನೆ. ಹೋದ ವಾರ ಕ್ಯಾಂಟೀನಿನಲ್ಲಿ ಸಹಪಾಠಿಯೊಬ್ಬನ ತಲೆಗೆ ಬಾಟಲಿಯಿಂದ ಹೊಡೆದ. ಗಾಜಿನ ಬಾಟಲಿ. ಪೆಟ್ಟು ತಿಂದವನ ಜೀವ ಉಳಿದಿದೆ, ಆದರೆ ಬಲಗೈ ಮೇಲೇಳುತ್ತಿಲ್ಲ, ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

ವಕೀಲನ ತಲೆ ಓಡಿದ್ದು ಇಲ್ಲೇ. ಕಾಲೇಜಿನ ನಾಟಕಕ್ಕೆಂದು ಮಗ ಅಪ್ಪನ ಹತ್ತಿರ ಒಂದಷ್ಟು ಸಕ್ಕರೆ ಬಾಟಲಿ ಒಯ್ದದ್ದು ಸುಳ್ಳಲ್ಲ. ಮುಂದಿನದು ವಕೀಲ ಹೇಳಿದ್ದು: ಅಭ್ಯಾಸ ಮುಗಿಸಿ ಅವನ್ನು ಕ್ಯಾಂಟೀನಿನ ಮೇಜಿನ ಮೇಲಿಟ್ಟಿದ್ದ, ಜಗಳದ ಭರದಲ್ಲಿ ಸಕ್ಕರೆಯದು ಎಂದುಕೊಂಡು ಗಾಜಿನದಕ್ಕೆ ಕೈ ಹಾಕಿದ, ಅಷ್ಟೇ. ಕೊಲೆ ಯತ್ನ ಹೋಗಿ ಕೈತಪ್ಪು ಎಂದಾಗುತ್ತದೆ, ಹುಡುಗ ಪರೀಕ್ಷೆ ಬರೆಯುತ್ತಾನೆ. ಮಾಸ್ಟರು ಮಾಡಬೇಕಾದದ್ದಿಷ್ಟೇ: ಠಾಣೆಗೆ ಒಂದು ಬಾಟಲಿ ತಂದು, ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಹೇಳಿಕೆ ಕೊಡಬೇಕು.

ನಿನ್ನೆ ಮಧ್ಯಾಹ್ನದವರೆಗೆ ಮಾಸ್ಟರು ಅದನ್ನು ನಂಬಿಕೊಂಡೇ ಇದ್ದರು. ಆಮೇಲೆ ವಕೀಲನೇ ಆ ವಿಡಿಯೋ ತೋರಿಸಿದ. ಯಾರೋ ಹುಡುಗ ಫೋನಿನಲ್ಲಿ ತೆಗೆದದ್ದು.

ಈ ವರ್ಷ ಊರಿಗೆ ಊರೇ ಮುಗಿಬಿದ್ದು ನೋಡಿದ ಸಿನಿಮಾ ಒಂದಿತ್ತು. ಅದರ ನಾಯಕ ಬಾಟಲಿಯನ್ನು ಗಾಳಿಗೆ ಎಸೆದು, ಅದು ಗಿರಗಿರನೆ ತಿರುಗಿ ಬರುವಾಗ ಕತ್ತು ಹಿಡಿದು, ಅದೇ ಓಘದಲ್ಲಿ ಎದುರಿನವನ ತಲೆಗೆ ಒಡೆಯುತ್ತಾನೆ. ಕಾಲೇಜು ಹುಡುಗರೆಲ್ಲ ಅವನ ಹಾಗೆ ಕೂದಲು ಬಿಟ್ಟರು, ಅವನ ಹಾಗೆ ಕತ್ತು ವಾಲಿಸಿ ಮಾತಾಡಿದರು, ತರಗತಿಯಲ್ಲಿ ನೀರಿನ ಬಾಟಲಿ ಎಸೆದು ಹಿಡಿದರು. ಆ ದೃಶ್ಯಕ್ಕೆ ಬಾಟಲಿ ಹೋದದ್ದೂ ಇದೇ ಶೆಡ್ಡಿನಿಂದ. ಎಸೆಯುವುದಕ್ಕೆ ಗಾಜಿನದು, ಹೊಡೆಯುವುದಕ್ಕೆ ಸಕ್ಕರೆಯದು. ನಡುವೆ ಕ್ಯಾಮೆರಾ ನಿಲ್ಲಿಸಿ ಕೈಗೆ ಬೇರೆ ಬಾಟಲಿ ಕೊಟ್ಟಿದ್ದು ಥಿಯೇಟರಿನಲ್ಲಿ ಕೂತ ಮಾಸ್ಟರಿಗೇ ಕಾಣಲಿಲ್ಲ. ಅವರಿಗೆ ಹೆಮ್ಮೆಯಾಗಿತ್ತು. ಸಿನಿಮಾದಿಂದ ಹುಡುಗರು ಕೆಡುತ್ತಾರೆ ಎಂದು ಯಾರಾದರೂ ರಾಗ ಎಳೆದರೆ, "ಜನ ಏನು ದಡ್ಡರೇನ್ರೀ, ಸುಳ್ಳು ಯಾವ್ದು ಅಂತ ಎಲ್ರಿಗೂ ಗೊತ್ತು," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಫೋನಿನಲ್ಲಿ ಮಗ ಬಾಟಲಿಯನ್ನು ಎಸೆದ. ಅದು ಗಿರಗಿರನೆ ತಿರುಗಿತು. ಕತ್ತು ಹಿಡಿದ. ಹೊಡೆದ.

ಮಾಸ್ಟರ ಹೆಂಡತಿ ಅಚ್ಚು ಬಿಚ್ಚುವುದರಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಅವಳು ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದರು. ಸಕ್ಕರೆ ಬಾಟಲಿಯನ್ನು ಕತ್ತು ಹಿಡಿದು ಎತ್ತಿದರೆ ಕತ್ತಷ್ಟೇ ಕೈಗೆ ಬರುತ್ತದೆ. ಹಸುಗೂಸನ್ನು ಎತ್ತುವ ಹಾಗೆ ಅಡಿಗೆ ಅಂಗೈ ಕೊಟ್ಟು, ಇನ್ನೊಂದು ಕೈಯಲ್ಲಿ ಹೊಟ್ಟೆ ಬಳಸಿ ಹಿಡಿಯಬೇಕು. ಎಸೆದು ಹಿಡಿಯುವ ಮಾತೇ ಇಲ್ಲ. ಇದು ಮಗನಿಗೆ ಅಕ್ಷರ ಬರುವುದಕ್ಕೆ ಮೊದಲೇ ಗೊತ್ತಿತ್ತು. ವಕೀಲನಿಗೆ ಗೊತ್ತಿರಲಿಲ್ಲ, ಸಿನಿಮಾ ಆಟವೆಂದು ಇದರಿಂದಲೇ ಸಾಬೀತಾಗುತ್ತದೆ ಎಂದುಕೊಂಡು ಅವನು ಖುಷಿಯಾಗಿ ಫೋನನ್ನು ಜೇಬಿಗಿಟ್ಟುಕೊಂಡ.

ಇವತ್ತು ಬಾಟಲಿ ಆರುವುದಕ್ಕೆ ಇಟ್ಟು ಮಾಸ್ಟರು ಮಗನ ಕೋಣೆಗೆ ಹೋದರು. ಜಾಮೀನಿನ ಮೇಲೆ ಬಂದಾಗಿನಿಂದ ಅವನು ಮಂಚ ಬಿಟ್ಟು ಎದ್ದಿರಲಿಲ್ಲ. ನಾಯಕನ ಹಾಗೆ ಬಿಟ್ಟ ಕೂದಲು ಎಣ್ಣೆ ಕಾಣದೆ ಹಣೆಗೆ ಅಂಟಿತ್ತು.

"ಗಾಜು ಅಂತ ಗೊತ್ತಿತ್ತೇನೋ?"

ಮಗ ಹೊದಿಕೆಯ ಅಂಚಿನ ದಾರ ಎಳೆಯುತ್ತ ಕೂತ. "ಗೊತ್ತಿತ್ತು."

"ಮತ್ತೆ?"

"ಎಲ್ರೂ ಫೋನ್ ಹಿಡ್ಕೊಂಡು ನಿಂತಿದ್ರು. ನಾನು ಸುಮ್ನೆ ಎಸೆದು ಹಿಡಿದು ತೋರಿಸ್ತಿದ್ದೆ ಅಷ್ಟೇ. ಅವ್ನು 'ಸಕ್ಕರೆ ಹೀರೋ, ಸಕ್ಕರೆ ಹೀರೋ' ಅಂತ ಶುರು ಮಾಡ್ದ. ನಿಮ್ಮಪ್ಪ ಮಾಡೋದೆಲ್ಲ ಡೂಪು, ನೀನೂ ಡೂಪು ಅಂದ. ಎಲ್ರೂ ನಕ್ರು." ಅವನು ದಾರವನ್ನು ಬೆರಳಿಗೆ ಸುತ್ತಿದ. "ಹೊಡೆದ್ರೆ ಒಡೆಯತ್ತೆ, ಅವ್ನು ಬೀಳ್ತಾನೆ, ಆಮೇಲೆ ಎದ್ದು ಬೈತಾನೆ, ಅಷ್ಟೇ ಅಂದ್ಕೊಂಡೆ. ಬಾಟ್ಲಿ ಒಡೀಲೇ ಇಲ್ಲ ಅಪ್ಪ."

ಮಾಸ್ಟರ ಕೈ ಕಪಾಳಕ್ಕೆ ಬಾರಿಸಲು ಎದ್ದದ್ದು ಹಾಗೇ ಇಳಿಯಿತು. ಇವನನ್ನು ಸಣ್ಣವನಿದ್ದಾಗಿನಿಂದ ಶೂಟಿಂಗಿಗೆ ಕರೆದುಕೊಂಡು ಹೋದವರು ಅವರೇ. ಅಲ್ಲಿ ಬಿದ್ದವರೆಲ್ಲ ಎದ್ದು, ಮೈ ಕೊಡವಿಕೊಂಡು, ಚಹಾಕ್ಕೆ ಸಾಲು ನಿಲ್ಲುತ್ತಿದ್ದರು. ಏಳದೆ ಬಿದ್ದುಕೊಂಡವನನ್ನು ಇವನು ಎಲ್ಲಿ ನೋಡಿದ್ದ?

"ಮಾವ ಹೇಳ್ದ ಹಾಗೇ ಹೇಳ್ಲಾ?" ಮಗ ಕೇಳಿದ.

ಮಾಸ್ಟರು ಹೊರಬಂದರು. ಬಾಗಿಲ ಮರೆಯಲ್ಲಿ ಹೆಂಡತಿ ನಿಂತಿದ್ದಳು. "ಇರೋನು ಇವ್ನೊಬ್ಬನೇ ಕಣ್ರೀ," ಎಂದಳು. "ಅಲ್ಲಿ ಹೋಗಿ ಸತ್ಯಸಂಧನ ಹಾಗೆ ಆಡ್ಬೇಡಿ."

"ನಾನು ಯಾವತ್ತು ಸತ್ಯ ಮಾಡಿದ್ದೀನಿ, ಇವತ್ತು ಮಾಡೋಕೆ," ಎಂದರು ಮಾಸ್ಟರು. ಅವಳಿಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. ಅವಳ ತವರಿನ ಹಳೆಯ ಸೀರೆಯ ತುಂಡಿನಲ್ಲಿ ಬಾಟಲಿಯನ್ನು ಸುತ್ತಿಕೊಂಡು, ಮಗನ ಜೊತೆ ವಕೀಲನ ಕಾರಿನಲ್ಲಿ ಹೊರಟರು. ಸುಳ್ಳು ಹೇಳಬೇಕೆಂದೇ ಹೊರಟರು. ಅದರಲ್ಲಿ ಅನುಮಾನವಿರಲಿಲ್ಲ.

ದಾರಿಯಲ್ಲಿ ಆಸ್ಪತ್ರೆ ಸಿಕ್ಕಿತು. ಮಾಸ್ಟರು ಕಾರಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡರು. ಎರಡು ದಿನದ ಹಿಂದೆ ಯಾರಿಗೂ ಹೇಳದೆ ಅಲ್ಲಿಗೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಪೆಟ್ಟು ತಿಂದ ಹುಡುಗನ ತಾಯಿ ಅವನ ಎಡಗೈಗೆ ಚಮಚ ಹಿಡಿಸಿ ಬಾಯಿಯವರೆಗೆ ಒಯ್ಯುವುದನ್ನು ಕಲಿಸುತ್ತಿದ್ದಳು. ದಾರಿಯಲ್ಲೇ ಚೆಲ್ಲುತ್ತಿತ್ತು. "ಪರ್ವಾಗಿಲ್ಲ ಮರಿ, ಇನ್ನೊಂದ್ಸಲ," ಎನ್ನುತ್ತಿದ್ದಳು. ಮಾಸ್ಟರನ್ನು ನೋಡಿ, ಪಕ್ಕದ ಮಂಚದ ರೋಗಿಯ ಕಡೆಯವರು ಎಂದುಕೊಂಡು, ಕೂರುವುದಕ್ಕೆ ತನ್ನ ಸ್ಟೂಲನ್ನೇ ಸರಿಸಿದ್ದಳು. ಮಾಸ್ಟರು ಕೂರಲಿಲ್ಲ. ಓಡಿಬಂದರು ಎಂದೇ ಹೇಳಬೇಕು.

ಠಾಣೆಯಲ್ಲಿ ಮಗನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇವರಿಬ್ಬರನ್ನು ಒಳಗೆ ಕರೆದರು. ಇನ್‌ಸ್ಪೆಕ್ಟರ್ ಮಧ್ಯವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಪ್ಲಾಸ್ಟಿಕ್ ಚೀಲದೊಳಗೆ ಆ ಗಾಜಿನ ಬಾಟಲಿ ಇತ್ತು. ಒಂದು ಬಿರುಕೂ ಇರಲಿಲ್ಲ. ವಕೀಲ ಅದರ ಪಕ್ಕದಲ್ಲಿ ಜಾಗ ಮಾಡಿದ. ಮಾಸ್ಟರು ಬಟ್ಟೆ ಬಿಚ್ಚಿ ತಮ್ಮದನ್ನು ಇಟ್ಟರು.

"ನೋಡಿ ಮೇಡಂ," ವಕೀಲ ಕೈಕಟ್ಟಿ ನಿಂತ. "ನೀವೇ ಹೇಳಿ."

ಅವಳು ಎರಡನ್ನೂ ನೋಡಿದಳು, ಬಗ್ಗಿ ನೋಡಿದಳು. "ನನ್ಗಂತೂ ಗೊತ್ತಾಗ್ತಿಲ್ಲ. ನಾನಾದ್ರೂ ಮೋಸಹೋಗ್ತಿದ್ದೆ," ಎಂದು ಒಪ್ಪಿಕೊಂಡು, ಸಕ್ಕರೆಯದನ್ನು ಎತ್ತಲು ಕೈ ಚಾಚಿದಳು.

"ಕತ್ತು ಹಿಡೀಬೇಡಿ ಮೇಡಂ," ಎಂದರು ಮಾಸ್ಟರು. "ಅಡಿಗೆ ಕೈ ಕೊಡಿ. ಕತ್ತು ಹಿಡಿದ್ರೆ ಮುರಿದುಬಿಡತ್ತೆ."

ಯಾವ ನಟ ಬಾಟಲಿಗೆ ಕೈ ಚಾಚಿದರೂ ಅವರ ಬಾಯಿಂದ ಬರುತ್ತಿದ್ದ ಮಾತು ಅದು. ಹೇಳಿದ್ದು ಅವರ ಕಿವಿಗೇ ಆಮೇಲೆ ಬಿತ್ತು. ವಕೀಲ ಕೆಮ್ಮಿದ. ಇನ್‌ಸ್ಪೆಕ್ಟರ್ ಚಾಚಿದ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ಬಾಟಲಿಯನ್ನು ಬಿಟ್ಟು ಮೇಜಿನ ಮೇಲಿದ್ದ, ಆ ವಿಡಿಯೋ ಇದ್ದ ಫೋನಿನ ಕಡೆ ನೋಡಿದಳು.

"ಹಾಗಾದ್ರೆ ಇದನ್ನ ಎಸೆದು ಹಿಡಿಯೋಕಾಗತ್ತಾ?"

"ಕೆಲವು ಗಟ್ಟಿ ಇರ್ತಾವೆ ಮೇಡಂ," ವಕೀಲ ನಡುವೆ ಬಾಯಿ ಹಾಕಿದ. "ಪಾಕ ದಪ್ಪ ಆದ್ರೆ. ಅಲ್ವಾ ಭಾವ?"

ಹೂಂ ಎಂದರೆ ಸಾಕಿತ್ತು. ಪಾಕದ ವಿಷಯ ಇನ್ಯಾರಿಗೆ ಗೊತ್ತು? ಮಾಸ್ಟರಿಗೆ ಹೂಂ ಎನ್ನುವ ಆಸೆ ಇತ್ತು, ಬಾಯಿಯವರೆಗೂ ಬಂದಿತ್ತು. ಆದರೆ ಕಣ್ಣ ಮುಂದೆ ಆ ಚಮಚ ಬಂತು, ಬಾಯಿಯವರೆಗೆ ಹೋಗದೆ ಚೆಲ್ಲುವ ಚಮಚ.

"ಆಗಲ್ಲ," ಎಂದರು.

"ನಿಮ್ಮ ಮಗನಿಗೆ ಅದು ಗೊತ್ತಿತ್ತಾ?"

"ನಾನೇ ಕಲಿಸಿದ್ದು." ಮಾಸ್ಟರು ಬಟ್ಟೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಬಿದ್ದೋನು ಏಳ್ತಾನೆ ಅಂದ್ಕೊಂಡಿದ್ದ ಮೇಡಂ. ಅದನ್ನೂ ನಾನೇ ಕಲಿಸಿದ್ದು. ಅದನ್ನೂ ಬರ್ಕೊಳ್ಳಿ."

ವಕೀಲ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದುಹೋದ. ಇನ್‌ಸ್ಪೆಕ್ಟರ್ ಬಹಳ ಹೊತ್ತು ಬರೆದಳು. ಬರೆದದ್ದನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡಳು. "ಇದು ಬೇಕಾಗಲ್ಲ, ತಗೊಂಡು ಹೋಗಿ," ಎಂದು ಸಕ್ಕರೆ ಬಾಟಲಿಯನ್ನು ತೋರಿಸಿದಳು.

ಮಾಸ್ಟರು ಅದನ್ನು ಎತ್ತಿಕೊಂಡು ಹೊರಬಂದರು. ವಕೀಲ ಅಂಗಳದಲ್ಲಿ ಇವರಿಗೆ ಬೆನ್ನು ಮಾಡಿ ಫೋನಿನಲ್ಲಿ ಅಕ್ಕನಿಗೆ ಏನೋ ಹೇಳುತ್ತಿದ್ದ. ಮಗ ಬೆಂಚಿನಿಂದ ಎದ್ದ. ಅಪ್ಪನ ಮುಖ ನೋಡಿದವನಿಗೆ ಕೇಳುವುದೇನೂ ಉಳಿಯಲಿಲ್ಲ. ಮಾಸ್ಟರು ಬಾಟಲಿಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದರು, ಬೆರಳಿನ ಬೆವರಿಗೆ ಅದರ ಮೈ ಆಗಲೇ ಅಂಟಂಟಾಗಿತ್ತು.

"ಕೊಡಪ್ಪ, ಬೀಳತ್ತೆ," ಎಂದ ಮಗ.

ಅಡಿಗೆ ಅಂಗೈ ಕೊಟ್ಟು, ಇನ್ನೊಂದು ಕೈಯಲ್ಲಿ ಹೊಟ್ಟೆ ಬಳಸಿ, ಮೆಲ್ಲನೆ ತೆಗೆದುಕೊಂಡ. ಅಷ್ಟರಲ್ಲಿ ಒಳಗಿನಿಂದ ಕಾನ್‌ಸ್ಟೇಬಲ್ ಅವನನ್ನು ಕೂಗಿದ. ಮಗ ಬಾಟಲಿ ಇಡುವುದಕ್ಕೆ ಬೆಂಚಿನ ಕಡೆ ನೋಡಿದ, ಕಿಟಕಿಯ ಕಟ್ಟೆ ನೋಡಿದ. ಎಲ್ಲಿಯೂ ಇಡಲು ಮನಸ್ಸು ಬಾರದೆ, ಎರಡೂ ಕೈಯಲ್ಲಿ ಹಾಗೇ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಒಳಗೆ ಹೋದ.