ಸಭಾಂಗಣದಲ್ಲಿ ಒಣಗಿದ ಬೆಡ್‌ಶೀಟುಗಳು

ಬೆಳಿಗ್ಗೆ ಆರೂಕಾಲಿಗೆ ಅಡುಗೆಮನೆಯಲ್ಲಿ ಸಂದರ್ಶನ ಶುರುವಾಯಿತು. ಮೇಜಿನ ಆ ಬದಿಗೆ ಅತ್ತೆ ಕನ್ನಡಕ ಏರಿಸಿಕೊಂಡು ಕೂತಿದ್ದರು, ಈ ಬದಿಗೆ ಸೊಸೆ. ನಾದಿನಿ ತನ್ನ ಸರದಿಗೆ ಕಾಯುತ್ತ, ಒಲೆಯ ಮುಂದೆ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು.

ಊರಿನ ದೊಡ್ಡ ಹೋಟೆಲೊಂದರ ಲಾಂಡ್ರಿಗೆ ಮೇಲ್ವಿಚಾರಕಿ ಬೇಕಾಗಿದ್ದಳು. ಇದ್ದದ್ದು ಒಂದೇ ಹುದ್ದೆ, ಅರ್ಜಿ ಹಾಕಿದವರು ಇನ್ನೂರಕ್ಕೂ ಹೆಚ್ಚು. ಸಂದರ್ಶನಕ್ಕೆ ಕರೆ ಬಂದ ಹನ್ನೆರಡು ಮಂದಿಯಲ್ಲಿ ಇಬ್ಬರು ಈ ಮನೆಯವರು. ನಾದಿನಿಗೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಆಗಲೇ ಕೆಲಸವಿತ್ತು; ಇದು ಸಿಗದಿದ್ದರೆ ಅವಳಿಗೆ ಮುಳುಗಿಹೋಗುವಂಥದ್ದೇನೂ ಇರಲಿಲ್ಲ. ಸೊಸೆಯ ಮಾತು ಬೇರೆ. ಮಗು ಹುಟ್ಟಿದ ಮೇಲೆ ನಾಲ್ಕು ವರ್ಷ ಮನೆಯಲ್ಲಿದ್ದು, ಈಗ ಮತ್ತೆ ಕೆಲಸಕ್ಕೆ ಹೋಗಲೇಬೇಕೆಂದು ಹೊರಟವಳು. ಐದು ಕಡೆ ಹೋಗಿ ಬಂದಿದ್ದಳು. "ತಿಳಿಸುತ್ತೇವೆ" ಎಂದ ಐವರಲ್ಲಿ ಒಬ್ಬರೂ ತಿಳಿಸಿರಲಿಲ್ಲ.

"ನೀವು ಮಾಡಿದ ದೊಡ್ಡ ಕೆಲಸ ಒಂದು ಹೇಳಿ," ಎಂದರು ಅತ್ತೆ, ಗುರುತೇ ಇಲ್ಲದವರ ದನಿಯಲ್ಲಿ.

"ನಾನು ಮುಂಚೆ ಇದ್ದ ಹೋಟೆಲಲ್ಲಿ ಒಂದಿನ ಡ್ರೈಯರ್ ಕೆಟ್ಟೋಯ್ತು. ಸಂಜೆಗೆ ಬಸ್ ತುಂಬ ಅತಿಥಿಗಳು ಬರೋರಿದ್ರು. ಮೇಲೆ ಸಭಾಂಗಣ ಖಾಲಿ ಇತ್ತು. ಕುರ್ಚಿಗಳನ್ನ ಬೆನ್ನಿಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲಿಸಿ, ಒದ್ದೆ ಬೆಡ್‌ಶೀಟ್ ಹರವಿ, ಫ್ಯಾನೆಲ್ಲ ಜೋರಾಗಿ ಹಾಕಿದ್ವಿ. ಬಸ್ ಬರೋ ಹೊತ್ತಿಗೆ ಎಲ್ಲಾ ಒಣಗಿತ್ತು."

"ಭೇಷ್. ಉಪಾಯ ಯಾರದ್ದು?"

"ಎಲ್ಲರದ್ದೂ ಅತ್ತೆ. ಫ್ಯಾನ್ ಹಾಕಿಸಿದ್ದು ಎಲೆಕ್ಟ್ರಿಷಿಯನ್ನು, ಕುರ್ಚಿ ಹೊತ್ತಿದ್ದು..."

"ಹಾಗಾದ್ರೆ ಕುರ್ಚಿ ಹೊತ್ತೋರಿಗೇ ಕೆಲಸ ಕೊಟ್ಟುಬಿಡ್ಲಾ?" ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಬಾಯಲ್ಲಿ ಎಲ್ರಿಗೂ ಜಾಗ ಇದೆ, ನಿನಗೊಬ್ಬಳಿಗೇ ಇಲ್ಲ ನೋಡಮ್ಮ."

"ನಾನೇ ಮಾಡಿದೆ ಅನ್ನಿ ಅತ್ತಿಗೆ, ಬಾಯೇನೂ ಸುಡಲ್ಲ," ಎಂದಳು ನಾದಿನಿ. "ತಡೀರಿ, ನಾನು ಹೇಳಿ ತೋರಿಸ್ತೀನಿ."

ಒಲೆ ಆರಿಸಿ ಬಂದು ಕೂತು, 'ನಾನೇ' ಎಂಬಲ್ಲೆಲ್ಲ ಮೇಜು ತಟ್ಟುತ್ತ, ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೆಲವು ದಿನಗಳಿಂದ ಬೆಳಿಗ್ಗೆ ಹೀಗೇ ನಡೆದಿತ್ತು. ನಾದಿನಿಯ ಸ್ವಂತ ಉತ್ತರದ ಸರದಿ ಬರುವಷ್ಟರಲ್ಲಿ ಯಾರಿಗಾದರೂ ಬಸ್ಸಿಗೆ ಹೊತ್ತಾಗುತ್ತಿತ್ತು.

ಸಂದರ್ಶನದ ದಿನ ಹೋಟೆಲಿನ ಮೇಲಂತಸ್ತಿನ ಪಡಸಾಲೆಯಲ್ಲಿ ಹನ್ನೆರಡು ಮಂದಿ ಫೈಲು ತೊಡೆಯ ಮೇಲಿಟ್ಟುಕೊಂಡು ಗೋಡೆಗುಂಟ ಕೂತಿದ್ದರು. ನಾದಿನಿಯ ಹೆಸರು ಮೊದಲು ಬಂತು. ಒಳಗೆ ಮೂವರಿದ್ದರು: ಮ್ಯಾನೇಜರ್, ಅವರ ಸಹಾಯಕ, ಮತ್ತು ಆ ತಿಂಗಳು ನಿವೃತ್ತರಾಗಲಿದ್ದ ಲಾಂಡ್ರಿಯ ಮೇಲ್ವಿಚಾರಕಿ.

"ನೀವು ಮಾಡಿದ ದೊಡ್ಡ ಕೆಲಸ ಒಂದು ಹೇಳಿ," ಎಂದರು ಮ್ಯಾನೇಜರ್.

ಮನೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ನಾದಿನಿಯ ನಾಲಿಗೆ ಅದೇ ದಾರಿ ಹಿಡಿಯಿತು. ಡ್ರೈಯರ್ ಕೆಟ್ಟಿತು, ಕುರ್ಚಿ ನಿಂತಿತು, ಬೆಡ್‌ಶೀಟ್ ಒಣಗಿತು. 'ನಾನೇ' ಬಂದಲ್ಲೆಲ್ಲ ಅವಳು ಮೇಜನ್ನೂ ತಟ್ಟಿದಳು.

ಮ್ಯಾನೇಜರ್ ಅವಳ ಅರ್ಜಿಯ ಮೇಲೆ ಕಣ್ಣಾಡಿಸಿದರು. "ಆಸ್ಪತ್ರೇಲಿ ಅಷ್ಟು ದೊಡ್ಡ ಸಭಾಂಗಣ ಇದೆಯಾ?"

ನಾದಿನಿಯ ಕೈ ಮೇಜಿನ ಮೇಲೇ ನಿಂತಿತು.

"ಇಲ್ಲ ಸರ್. ಕ್ಷಮಿಸಿ, ಇದು ನಾನು ಮಾಡಿದ್ದಲ್ಲ, ನಮ್ಮತ್ತಿಗೆ ಮಾಡಿದ್ದು. ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಬಾಯಿಗೇ ಬಂದ್ಬಿಟ್ಟಿದೆ. ಅವರು ಹೊರಗಿದ್ದಾರೆ, ನನ್ನ ನಂತರ ಅವರದೇ ಸರದಿ." ಮತ್ತೆ ಸೇರಿಸಿದಳು: "ನೀವು ಕೇಳಿದ್ರೆ, ಎಲ್ಲರೂ ಸೇರಿ ಮಾಡಿದ್ವಿ ಅಂತಾರೆ. ಅದೊಂದನ್ನ ನಂಬಬೇಡಿ."

ಆಮೇಲೆ ತನ್ನ ಆಸ್ಪತ್ರೆಯ ವಿಷಯ ಹೇಳಿದಳು, ಆದರೆ ಅದನ್ನು ಅಭ್ಯಾಸ ಮಾಡಿರಲಿಲ್ಲ. ಹೊರಬಂದಾಗ ಬಾಗಿಲಲ್ಲಿ ಎದುರಾದ ಅತ್ತಿಗೆಗೆ "ನಾನು ಒಳಗೆ ಒಂದು..." ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಒಳಗೆ ಅದೇ ಪ್ರಶ್ನೆ. ಈ ಸಲ 'ನಾನೇ' ಎಂದೇ ತೀರುವುದೆಂದು ಸೊಸೆ ನಿರ್ಧರಿಸಿಕೊಂಡು ಬಂದಿದ್ದಳು. ಫ್ಯಾನ್ ಹಾಕುವವರೆಗೆ ಕಥೆ ಸರಿಯಾಗಿಯೇ ಸಾಗಿತು.

"ಉಪಾಯ ಯಾರದ್ದು?"

"ಅದು... ಎಲ್ಲರೂ ಸೇರಿ ಮಾಡಿದ್ವಿ ಸರ್."

ಮೂವರೂ ಒಟ್ಟಿಗೆ ನಕ್ಕರು. ಆರನೆಯದೂ ಕೈತಪ್ಪಿತು ಎಂದುಕೊಂಡು ಸೊಸೆ ತಲೆ ತಗ್ಗಿಸಿದಳು.

"ಎಲ್ಲರ ವಿಷಯ ಆಮೇಲೆ ನೋಡೋಣ," ಎಂದರು ಲಾಂಡ್ರಿಯ ಹಿರಿಯಾಕೆ. "ಕುರ್ಚಿನ ಬೆನ್ನಿಗೆ ಬೆನ್ನು ಇಡಿ ಅಂತ ಮೊದಲು ಬಾಯಿಬಿಟ್ಟಿದ್ದು ಯಾರು?"

"ನಾನೇ."

"ಯಾಕೆ?"

"ಒಂದೇ ಕುರ್ಚಿಯಾದ್ರೆ ಒದ್ದೆ ಬಟ್ಟೆ ಭಾರಕ್ಕೆ ಹಿಂದಕ್ಕೆ ಬೀಳತ್ತೆ ಮೇಡಂ."

ಅಲ್ಲಿಂದ ಮುಂದೆ ಸೊಸೆ ಎಲೆಕ್ಟ್ರಿಷಿಯನ್ನನ್ನು ಕರೆಯದೆಯೇ ಮಾತಾಡಿದಳು.

ಬಸ್ಸಿನಲ್ಲಿ ನಾದಿನಿ ನಡೆದದ್ದನ್ನೆಲ್ಲ ಒಪ್ಪಿಸಿದಳು.

"ನನ್ನ ಕಥೇನೇ ಕದ್ಯೇನೇ?"

"ಅಲ್ಲೇ ವಾಪಸ್ ಕೊಟ್ಟು ಬಂದ್ನಲ್ಲ ಅತ್ತಿಗೆ."

ಮುಂದಿನ ಸೋಮವಾರ ಸೊಸೆ ಕೆಲಸಕ್ಕೆ ಸೇರಿದಳು. ಅದೇ ವಾರ ನಾದಿನಿಗೆ ಬೇರೊಂದು ಹೋಟೆಲಿನಿಂದ ಸಂದರ್ಶನದ ಕರೆ ಬಂತು. ಭಾನುವಾರ ಬೆಳಿಗ್ಗೆ ಅತ್ತೆ ಕನ್ನಡಕ ಏರಿಸಿಕೊಂಡು ಮೇಜಿಗೆ ಕೂತರು, ಸೊಸೆಯನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಸಿದರು. "ಈ ಸಲ ಆಸ್ಪತ್ರೆ ಕಥೆ ಮಾತ್ರ," ಎಂದರು ನಾದಿನಿಗೆ.